ಗೆದ್ದವರು ಹೊರಗೆ, ಸೋತವರು ಒಳಗೆ: ಕಾಲೇಜ್ ಫುಟ್‌ಬಾಲ್‌ನ ಟೈಬ್ರೇಕರ್ ಪಾಠ



ನವೆಂಬರ್ ತಿಂಗಳು ಬಂತೆಂದರೆ ಅಮೆರಿಕಾದ ಕನ್ನಡಿಗರ ಮನೆಗಳಲ್ಲಿ ಎರಡು ಹಬ್ಬ. ಒಂದು ನಮ್ಮ ರಾಜ್ಯೋತ್ಸವ. ಇನ್ನೊಂದು ನಮ್ಮ ಮಕ್ಕಳ ಹಬ್ಬ, ಅಂದರೆ ಕಾಲೇಜ್ ಫುಟ್‌ಬಾಲ್. ರಾಜ್ಯೋತ್ಸವದ ಕಾರ್ಯಕ್ರಮವನ್ನು ಶನಿವಾರ ಇಟ್ಟರಂತೂ ಮುಗಿಯಿತು. ಅರ್ಧ ಹುಡುಗರು ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತು ಫೋನ್‌ನಲ್ಲಿ ಸ್ಕೋರ್ ನೋಡುತ್ತಿರುತ್ತಾರೆ. ತಿಂಗಳ ಕೊನೆಗೆ ಅವರು ಒಂದು ಪ್ರಶ್ನೆ ತೆಗೆದುಕೊಂಡು ಬರುತ್ತಾರೆ: "ಅಪ್ಪಾ, ನಮ್ಮ ಟೀಮು ಅವರನ್ನ ಸೋಲಿಸಿದೆ. ಆದ್ರೆ ಫೈನಲ್‌ಗೆ ಅವರು ಹೋಗ್ತಾ ಇದಾರೆ. ಇದು ಹೆಂಗೆ?"

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಆದರೆ ಪ್ರಶ್ನೆ ಮಾತ್ರ ಒಳ್ಳೆಯದು. ಇದರೊಳಗೆ ಸ್ವಲ್ಪ ಗಣಿತ, ಸ್ವಲ್ಪ ದುಡ್ಡು, ಸಾಕಷ್ಟು ರಾಜಕೀಯ ಇದೆ. ಈ ಸಲದ ಲೇಖನದಲ್ಲಿ ಅದನ್ನು ಒಂದು ಪಾಠದ ಹಾಗೆ ಬಿಡಿಸಿ ನೋಡೋಣ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನಾದ್ದರಿಂದ ಅಲ್ಲಲ್ಲಿ ನನ್ನ ಕಸುಬಿನ ಮಾತೂ ಬರುತ್ತದೆ, ಸಹಿಸಿಕೊಳ್ಳಿ.

ಮೊದಲು ನಾಲ್ಕು ಪದಗಳು

ಕಾನ್ಫರೆನ್ಸ್: ಕೆಲವು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಕೂಟ. ಬಿಗ್ ಟೆನ್, ಎಸ್ಇಸಿ, ಎಸಿಸಿ, ಬಿಗ್ 12 ಎಲ್ಲವೂ ಇಂಥವು. ತಂಡಗಳು ತಮ್ಮ ಹೆಚ್ಚಿನ ಪಂದ್ಯಗಳನ್ನು ತಮ್ಮ ಕೂಟದೊಳಗೇ ಆಡುತ್ತವೆ. ಟಿವಿ ಕಂಪನಿಗಳ ಜೊತೆ ವ್ಯಾಪಾರ ಮಾತಾಡುವುದು, ಬಂದ ದುಡ್ಡು ಹಂಚುವುದು ಎಲ್ಲವೂ ಕಾನ್ಫರೆನ್ಸ್ ಮೂಲಕವೇ.

ಡಿವಿಷನ್: ಕಾನ್ಫರೆನ್ಸ್ ದೊಡ್ಡದಾದಾಗ ಅದನ್ನು ಎರಡು ಭಾಗ ಮಾಡುತ್ತಿದ್ದರು. ಎರಡೂ ಭಾಗಗಳಲ್ಲಿ ಮೊದಲು ಬಂದ ತಂಡಗಳು ಕಾನ್ಫರೆನ್ಸ್ ಫೈನಲ್ ಆಡುತ್ತಿದ್ದವು. 12 ತಂಡಗಳ ಎಸ್ಇಸಿ 1992ರಲ್ಲಿ ಇದನ್ನು ಮೊದಲು ಮಾಡಿ ತೋರಿಸಿತು. ಟಿವಿಗೆ ಇನ್ನೊಂದು ದೊಡ್ಡ ಪಂದ್ಯ ಸಿಕ್ಕಿತು, ಉಳಿದವರೂ ಹಿಂದೆಯೇ ಬಂದರು.

ಬೌಲ್: ಸೀಸನ್ ಮುಗಿದ ಮೇಲೆ ಡಿಸೆಂಬರ್ ಮತ್ತು ಜನವರಿಯಲ್ಲಿ ನಡೆಯುವ ಆಹ್ವಾನ ಪಂದ್ಯ. ಮೊದಲನೆಯದು 1902ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನಡೆಯಿತು. ಮಿಷಿಗನ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 49-0 ಅಂತರದಲ್ಲಿ ಚಚ್ಚಿಹಾಕಿತು. ಆಮೇಲೆ ಅಲ್ಲಿ ಮುಂದಿನ ಫುಟ್‌ಬಾಲ್ ಪಂದ್ಯ ನಡೆದದ್ದು 1916ರಲ್ಲಿ! 1922ರಲ್ಲಿ ಅಲ್ಲಿ ಬಟ್ಟಲಿನ ಆಕಾರದ ಸ್ಟೇಡಿಯಂ ಕಟ್ಟಿ ರೋಸ್ ಬೌಲ್ ಎಂದು ಹೆಸರಿಟ್ಟರು. ಅದನ್ನು ನೋಡಿ ಆರೆಂಜ್, ಶುಗರ್, ಕಾಟನ್ ಎಂದು ಊರಿಗೊಂದು ಬಟ್ಟಲು ಹುಟ್ಟಿಕೊಂಡಿತು.

ಬಿಡ್: ಬೌಲ್ ಪಂದ್ಯಕ್ಕೆ ಬರುವ ಆಹ್ವಾನ. ನಮ್ಮ ಕಡೆ ಮದುವೆ ಮನೆಯವರು ಕುಂಕುಮ ಅಕ್ಷತೆ ಕೊಟ್ಟು ಕರೆಯುವ ಹಾಗೆ. ಕರೆದರೆ ಮಾತ್ರ ಹೋಗಬೇಕು. ಯಾರನ್ನು ಕರೆಯಬೇಕು ಎಂಬುದರಲ್ಲೇ ಜಗಳವೆಲ್ಲ ಇರುವುದು.

ಇಷ್ಟು ತಿಳಿದರೆ ಮುಖ್ಯ ತೊಡಕು ಅರ್ಥವಾಗುತ್ತದೆ. ಐಪಿಎಲ್‌ನಲ್ಲಿ ಇರುವುದು 10 ತಂಡ, ಲೀಗ್ ಹಂತದಲ್ಲಿ ಒಬ್ಬೊಬ್ಬರಿಗೂ 14 ಪಂದ್ಯ. ಇಲ್ಲಿ ಮೇಲಿನ ದರ್ಜೆಯಲ್ಲೇ 130ಕ್ಕೂ ಹೆಚ್ಚು ತಂಡಗಳು, ಒಬ್ಬೊಬ್ಬರಿಗೆ ಆಡಲು ಸಿಗುವುದು ಸಾಮಾನ್ಯವಾಗಿ 12 ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡುವುದು ಸಾಧ್ಯವೇ ಇಲ್ಲ. ಆದ್ದರಿಂದ ಮೈದಾನದಲ್ಲಿ ಸಿಗದ ಉತ್ತರವನ್ನು ಬೇರೆಲ್ಲಿಂದಲೋ ತರಬೇಕು. ಬಹಳ ಕಾಲ ಅದು ಬಂದದ್ದು ಮತದಾನದಿಂದ. ಪತ್ರಕರ್ತರು ಒಂದು ಪಟ್ಟಿ, ಕೋಚ್‌ಗಳು ಇನ್ನೊಂದು ಪಟ್ಟಿ ಮಾಡಿ "ಇವರೇ ದೇಶಕ್ಕೆ ಮೊದಲು" ಎನ್ನುತ್ತಿದ್ದರು. ಎರಡು ಪಟ್ಟಿಯಲ್ಲಿ ಇಬ್ಬರು ಮೊದಲು ಬಂದರೆ ಇಬ್ಬರೂ ಚಾಂಪಿಯನ್! ಈ ಗೊಂದಲ ಬಿಡಿಸಲು 1998ರಲ್ಲಿ ಬಿಸಿಎಸ್ ಎಂಬ ವ್ಯವಸ್ಥೆ ತಂದರು. ಮತಗಳನ್ನೂ ಕಂಪ್ಯೂಟರ್ ಲೆಕ್ಕವನ್ನೂ ಸೇರಿಸಿ ಒಂದು ಅಂಕ ಕೊಟ್ಟು, ಮೊದಲ ಎರಡು ತಂಡಗಳನ್ನು ಫೈನಲ್ ಆಡಿಸುವುದು ಅದರ ಉದ್ದೇಶ.

ಒಂದೇ ವಿಶ್ವವಿದ್ಯಾಲಯದ ಎರಡು ಕಥೆಗಳನ್ನು ನೋಡಿದರೆ ಆ ವ್ಯವಸ್ಥೆಯ ಒಳಹೊರಗು ತಿಳಿಯುತ್ತದೆ. ಆ ವಿಶ್ವವಿದ್ಯಾಲಯ ಆಸ್ಟಿನ್‌ನಲ್ಲಿರುವ ಟೆಕ್ಸಸ್.

2004: ಮತ ಕೇಳಿ ಗೆದ್ದದ್ದು

2004ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ತಂಡಕ್ಕೆ (ಎಲ್ಲರೂ ಕರೆಯುವುದು ಕ್ಯಾಲ್ ಎಂದು) ಅಪರೂಪದ ವರ್ಷ. ಆರನ್ ರಾಜರ್ಸ್ ಆಗ ಅಲ್ಲಿ ಕ್ವಾರ್ಟರ್‌ಬ್ಯಾಕ್. ಸೋತದ್ದು ಒಂದೇ ಪಂದ್ಯ, ಅದೂ ಆ ವರ್ಷ ಯಾರಿಗೂ ಮಣಿಯದ ಯುಎಸ್‌ಸಿ ಎದುರು 23-17 ಅಂತರದಲ್ಲಿ. ಯುಎಸ್‌ಸಿ ದೇಶದ ಫೈನಲ್‌ಗೆ ಹೋಗುವುದು ಖಚಿತವಾಗಿದ್ದರಿಂದ ರೋಸ್ ಬೌಲ್‌ನಲ್ಲಿ ಅವರ ಜಾಗ ಖಾಲಿಯಾಗಿತ್ತು. ಕ್ಯಾಲ್ ರೋಸ್ ಬೌಲ್ ಆಡಿದ್ದು 1959ರ ಜನವರಿಯಲ್ಲೇ ಕೊನೆ. ಊರಿಗೆ ಊರೇ ಆಸೆಯಿಂದ ಕಾದಿತ್ತು.

ನಿಯಮ ಹೀಗಿತ್ತು: ದೊಡ್ಡ ಕಾನ್ಫರೆನ್ಸ್‌ನ ತಂಡವೊಂದು ಚಾಂಪಿಯನ್ ಆಗದಿದ್ದರೂ ಬಿಸಿಎಸ್ ಪಟ್ಟಿಯ ಮೊದಲ ನಾಲ್ಕರಲ್ಲಿದ್ದರೆ ದೊಡ್ಡ ಬೌಲ್‌ನಲ್ಲಿ ಜಾಗ ಖಾತ್ರಿ. ಕ್ಯಾಲ್ 4ನೇ ಸ್ಥಾನದಲ್ಲಿತ್ತು. ಟೆಕ್ಸಸ್ ಅದರ ಹಿಂದೆ 5ರಲ್ಲಿತ್ತು. ಟೆಕ್ಸಸ್ ಕೂಡ ಒಂದೇ ಪಂದ್ಯ ಸೋತಿತ್ತು, ಓಕ್ಲಹೋಮ ಎದುರು 12-0. ಟೆಕ್ಸಸ್ ಕೋಚ್ ಮ್ಯಾಕ್ ಬ್ರೌನ್ ಬಹಿರಂಗವಾಗಿಯೇ ಮತದಾರರಿಗೆ ಮನವಿ ಮಾಡಿದರು: ನಮ್ಮ ಹುಡುಗರನ್ನೂ ಗಮನಿಸಿ ಎಂದು. ಕ್ಯಾಲ್‌ನ ಒಂದು ಪಂದ್ಯ ಸೆಪ್ಟೆಂಬರ್‌ನಲ್ಲಿ ಚಂಡಮಾರುತದಿಂದಾಗಿ ಮುಂದೆ ಹೋಗಿ ಡಿಸೆಂಬರ್ 4ಕ್ಕೆ ಬಿದ್ದಿತ್ತು. ಅದರಲ್ಲಿ ಸದರ್ನ್ ಮಿಸಿಸಿಪ್ಪಿ ತಂಡವನ್ನು 26-16ರಲ್ಲಿ ಸೋಲಿಸಿದರು. ಗೆದ್ದರು ನಿಜ, ಆದರೆ ಮತದಾರರು ನಿರೀಕ್ಷಿಸಿದಷ್ಟು ಜೋರಾಗಿ ಗೆಲ್ಲಲಿಲ್ಲ.

ಮಾರನೇ ದಿನ ಪಟ್ಟಿ ಬಂದಾಗ ಟೆಕ್ಸಸ್ 4ನೆಯದು, ಕ್ಯಾಲ್ 5ನೆಯದು. ಆ ವಾರ ಟೆಕ್ಸಸ್ ಮೈದಾನಕ್ಕೇ ಇಳಿದಿರಲಿಲ್ಲ! ರೋಸ್ ಬೌಲ್‌ಗೆ ಟೆಕ್ಸಸ್ ಹೋಗಿ ಮಿಷಿಗನ್ ತಂಡವನ್ನು 38-37ರಲ್ಲಿ ಸೋಲಿಸಿತು. ಕ್ಯಾಲ್ ಚಿಕ್ಕ ಬೌಲ್ ಒಂದಕ್ಕೆ ಹೋಗಿ ಟೆಕ್ಸಸ್ ಟೆಕ್ ಎದುರು 45-31ರಲ್ಲಿ ಸೋತಿತು. ಕೋಚ್‌ಗಳ ಮತ ಆಗ ಗುಟ್ಟಾಗಿರುತ್ತಿತ್ತು. ಯಾರು ಯಾರನ್ನು ಕೆಳಗಿಳಿಸಿದರು ಎಂದು ಕೇಳುವ ಹಾಗಿರಲಿಲ್ಲ. ಗಲಾಟೆ ಎಷ್ಟಾಯಿತೆಂದರೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ಪಟ್ಟಿಯನ್ನು ಬಿಸಿಎಸ್ ಲೆಕ್ಕದಿಂದ ಹಿಂದಕ್ಕೆ ತೆಗೆದುಕೊಂಡಿತು. ಮುಂದಿನ ವರ್ಷದಿಂದ ಕೋಚ್‌ಗಳ ಕೊನೆಯ ಮತವನ್ನು ಬಹಿರಂಗ ಮಾಡುವುದೆಂದು ತೀರ್ಮಾನವಾಯಿತು.

2008: ಅದೇ ಮತದಿಂದ ಸೋತದ್ದು

ಈಗ ನಾಲ್ಕು ವರ್ಷ ಮುಂದೆ ಬನ್ನಿ. ಆಗ ಬಿಗ್ 12ರಲ್ಲಿ ಹೆಸರಿಗೆ ತಕ್ಕ ಹಾಗೆ 12 ತಂಡಗಳೇ ಇದ್ದವು, ಉತ್ತರ ಮತ್ತು ದಕ್ಷಿಣ ಎಂದು ಎರಡು ಡಿವಿಷನ್. ದಕ್ಷಿಣದಲ್ಲಿ ಟೆಕ್ಸಸ್, ಓಕ್ಲಹೋಮ, ಟೆಕ್ಸಸ್ ಟೆಕ್ ಮೂರೂ ಆ ವರ್ಷ ಬಲಶಾಲಿ ತಂಡಗಳು. ನಡೆದದ್ದು ಇಷ್ಟು:

ಅಕ್ಟೋಬರ್ 11: ಡಲಾಸ್‌ನಲ್ಲಿ ಟೆಕ್ಸಸ್ 45, ಓಕ್ಲಹೋಮ 35.
ನವೆಂಬರ್ 1: ಲಬಕ್‌ನಲ್ಲಿ ಟೆಕ್ಸಸ್ ಟೆಕ್ 39, ಟೆಕ್ಸಸ್ 33. ಆಟ ಮುಗಿಯಲು ಒಂದು ಸೆಕೆಂಡ್ ಇದ್ದಾಗ ಮೈಕಲ್ ಕ್ರ್ಯಾಬ್‌ಟ್ರೀ ಹಿಡಿದ ಚೆಂಡಿನಿಂದ ಬಂದ ಗೆಲುವು.
ನವೆಂಬರ್ 22: ನಾರ್ಮನ್‌ನಲ್ಲಿ ಓಕ್ಲಹೋಮ 65, ಟೆಕ್ಸಸ್ ಟೆಕ್ 21.

ಉಳಿದವರನ್ನೆಲ್ಲ ಮೂವರೂ ಸೋಲಿಸಿದರು. ಮೂವರದ್ದೂ ಒಟ್ಟು 11 ಗೆಲುವು 1 ಸೋಲು, ಕಾನ್ಫರೆನ್ಸ್ ಒಳಗೆ 7 ಗೆಲುವು 1 ಸೋಲು. ಕಾನ್ಫರೆನ್ಸ್ ಫೈನಲ್‌ಗೆ ಹೋಗುವುದು ಒಬ್ಬರೇ. ಯಾರು?

ಇದನ್ನು ಮನೆಯೊಳಗೆ ತಂದು ನೋಡೋಣ. ಭಾನುವಾರ ಮಧ್ಯಾಹ್ನ ಕೇರಂ ಆಟ. ಅಕ್ಕ ತಮ್ಮನನ್ನು ಸೋಲಿಸಿದಳು, ತಮ್ಮ ಅಪ್ಪನನ್ನು ಸೋಲಿಸಿದ, ಅಪ್ಪ ಅಕ್ಕನನ್ನು ಸೋಲಿಸಿದರು. ಮನೆಗೆ ಚಾಂಪಿಯನ್ ಯಾರು? "ನಾನು ಅವನನ್ನ ಸೋಲಿಸಿದೀನಿ" ಎಂದು ಅಕ್ಕ ಹೇಳುವುದು ಸರಿ. ಆದರೆ ಉಳಿದಿಬ್ಬರೂ ಅದೇ ಮಾತನ್ನು ಹೇಳಬಹುದು. ನನ್ನ ಕಸುಬಿನಲ್ಲಿ ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಪ್ರೋಗ್ರಾಂ ಬರೆಯುವಾಗ ಒಂದು ಷರತ್ತು ಇರುತ್ತದೆ: ಒಂದನೆಯದು ಎರಡನೆಯದಕ್ಕಿಂತ ದೊಡ್ಡದು, ಎರಡನೆಯದು ಮೂರನೆಯದಕ್ಕಿಂತ ದೊಡ್ಡದು ಎಂದಾದರೆ ಒಂದನೆಯದು ಮೂರನೆಯದಕ್ಕಿಂತ ದೊಡ್ಡದಿರಲೇಬೇಕು. ಆಟದಲ್ಲಿ ಈ ಷರತ್ತು ಮುರಿದುಬೀಳುತ್ತದೆ. ಸುತ್ತು ಹಾಕಿಕೊಂಡ ಹಾವು ತನ್ನ ಬಾಲವನ್ನೇ ಕಚ್ಚಿದ ಹಾಗೆ. ಬೇರೆ ಯಾವುದಾದರೂ ಅಳತೆಗೋಲನ್ನು ಹೊರಗಿನಿಂದ ತರದೆ ಇದು ಬಿಡಿಸಿಕೊಳ್ಳುವುದಿಲ್ಲ.

ಬಿಗ್ 12ರ ಅಂದಿನ ನಿಯಮ ಮೆಟ್ಟಿಲು ಮೆಟ್ಟಿಲಾಗಿ ಹೀಗಿತ್ತು:

1. ಮೂವರು ತಮ್ಮತಮ್ಮಲ್ಲಿ ಆಡಿದ ಪಂದ್ಯಗಳು. ಮೂವರಿಗೂ ಒಂದು ಗೆಲುವು, ಒಂದು ಸೋಲು. ಬಿಡಿಸಲಿಲ್ಲ.
2. ಡಿವಿಷನ್ ಒಳಗಿನ ಸಾಧನೆ. ಮೂವರಿಗೂ 4 ಗೆಲುವು, 1 ಸೋಲು. ಬಿಡಿಸಲಿಲ್ಲ.
3. ಡಿವಿಷನ್‌ನಲ್ಲಿ ತಮ್ಮ ನಂತರದ ಸ್ಥಾನದಲ್ಲಿರುವ ತಂಡಗಳ ಎದುರು. ಎಲ್ಲರೂ ಗೆದ್ದಿದ್ದಾರೆ. ಬಿಡಿಸಲಿಲ್ಲ.
4. ಕಾನ್ಫರೆನ್ಸ್‌ನಲ್ಲಿ ಮೂವರೂ ಎದುರಿಸಿದ ಸಾಮಾನ್ಯ ಎದುರಾಳಿಗಳು. ಅಲ್ಲೂ ಎಲ್ಲರೂ ಗೆದ್ದಿದ್ದಾರೆ. ಬಿಡಿಸಲಿಲ್ಲ.
5. ಬಿಸಿಎಸ್ ಪಟ್ಟಿಯಲ್ಲಿ ಯಾರು ಮೇಲಿದ್ದಾರೋ ಅವರು.

ಐದನೇ ಮೆಟ್ಟಿಲಿಗೆ ಬಂದಾಗ ಆಟ ಮೈದಾನ ಬಿಟ್ಟು ಮತಪೆಟ್ಟಿಗೆಗೆ ಹೋಯಿತು. ನವೆಂಬರ್ 30ರಂದು ಪಟ್ಟಿ ಹೊರಬಿತ್ತು. ಓಕ್ಲಹೋಮ .9351, ಟೆಕ್ಸಸ್ .9223. ನೂರಕ್ಕೆ ಒಂದೂಕಾಲು ಅಂಕದಷ್ಟು ಅಂತರ! ಹತ್ತು ಅಂಕದಿಂದ ಗೆದ್ದವರು ಹೊರಗೆ, ಸೋತವರು ಒಳಗೆ.

ಆ ಅಂಕ ಎಲ್ಲಿಂದ ಬಂತು?

ಆಗಿನ ಬಿಸಿಎಸ್ ಅಂಕದಲ್ಲಿ ಮೂರು ಸಮಪಾಲು. ಒಂದು ಪಾಲು ಹ್ಯಾರಿಸ್ ಪೋಲ್ ಎಂಬ ಮತಪಟ್ಟಿ (ಅಸೋಸಿಯೇಟೆಡ್ ಪ್ರೆಸ್ ಹೊರಹೋದ ಮೇಲೆ ಬಂದದ್ದು). ಇನ್ನೊಂದು ಪಾಲು ಕೋಚ್‌ಗಳ ಮತ. ಮೂರನೆಯದು ಆರು ಕಂಪ್ಯೂಟರ್ ಲೆಕ್ಕಗಳು. ಆರರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ನಾಲ್ಕರ ಸರಾಸರಿ ತೆಗೆದುಕೊಳ್ಳುತ್ತಿದ್ದರು.

ಮತದಾರರ ಎರಡು ಪಟ್ಟಿಗಳಲ್ಲೂ ಎರಡೂ ತಂಡಗಳು ಹೆಚ್ಚುಕಡಿಮೆ ಸರಿಸಮ. ತಕ್ಕಡಿ ವಾಲಿಸಿದ್ದು ಕಂಪ್ಯೂಟರ್‌ಗಳು. ಅವುಗಳಿಗೂ ಕಾರಣ ಇತ್ತು. ಓಕ್ಲಹೋಮ ಕಾನ್ಫರೆನ್ಸ್ ಹೊರಗೆ ಟಿಸಿಯು, ಸಿನ್ಸಿನ್ಯಾಟಿ ಎಂಬ ಎರಡು ಗಟ್ಟಿ ತಂಡಗಳನ್ನು ಸೋಲಿಸಿತ್ತು. ಟೆಕ್ಸಸ್‌ಗೆ ಹೊರಗೆ ಸಿಕ್ಕವರು ಅಷ್ಟು ಗಟ್ಟಿಯಿರಲಿಲ್ಲ. ಟೆಕ್ಸಸ್ ಟೆಕ್ ಕೆಳದರ್ಜೆಯ ಎರಡು ತಂಡಗಳ ಜೊತೆ ಆಡಿತ್ತು. ಎಷ್ಟು ಅಂಕಗಳ ಅಂತರದಿಂದ ಗೆದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಕಂಪ್ಯೂಟರ್‌ಗಳಿಗೆ ಕಟ್ಟಪ್ಪಣೆ ಇತ್ತು. ಮತದಾರರಿಗೆ ಅಂಥ ಅಪ್ಪಣೆ ಇರಲಿಲ್ಲ. ಅವರ ಕಣ್ಣಮುಂದೆ ಓಕ್ಲಹೋಮ ಸತತವಾಗಿ 62, 66, 65, 61 ಅಂಕಗಳನ್ನು ಬಾರಿಸಿತ್ತು.

ಆದ್ದರಿಂದ "ಓಕ್ಲಹೋಮಕ್ಕೆ ಪುಕ್ಕಟೆ ಸಿಕ್ಕಿತು" ಎನ್ನುವುದು ತಪ್ಪು. ಅವರದ್ದು ಸಮರ್ಥ ತಂಡ. ಕಾನ್ಫರೆನ್ಸ್ ಫೈನಲ್‌ನಲ್ಲಿ ಮಿಸ್ಸೂರಿ ತಂಡವನ್ನು 62-21ರಲ್ಲಿ ಬಗ್ಗುಬಡಿದು ದೇಶದ ಫೈನಲ್‌ಗೆ ಹೋದರು. ಅಲ್ಲಿ ಫ್ಲೋರಿಡಾ ಎದುರು 24-14ರಲ್ಲಿ ಸೋತರು. ಟೆಕ್ಸಸ್ ಫಿಯೆಸ್ಟಾ ಬೌಲ್‌ಗೆ ಹೋಗಿ ಒಹಾಯೊ ಸ್ಟೇಟ್ ತಂಡವನ್ನು 24-21ರಲ್ಲಿ ಗೆದ್ದಿತು.

ಟೆಕ್ಸಸ್ ಅಭಿಮಾನಿಗಳು ಇವತ್ತಿಗೂ "45-35" ಎನ್ನುತ್ತಾರೆ. ಆದರೆ ಮೂರನೆಯವರನ್ನು ಮರೆಯಬೇಡಿ. ಲಬಕ್‌ನವರು "39-33" ಎಂದರೆ ಏನು ಉತ್ತರ? ಅವರು ಪಟ್ಟಿಯಲ್ಲಿ 7ನೇ ಸ್ಥಾನದಲ್ಲಿದ್ದರು. ಒಂದು ಕಾನ್ಫರೆನ್ಸ್‌ನಿಂದ ಎರಡಕ್ಕಿಂತ ಹೆಚ್ಚು ತಂಡಗಳು ಬಿಸಿಎಸ್ ಬೌಲ್‌ಗಳಿಗೆ ಹೋಗುವಂತಿರಲಿಲ್ಲ. ಹಾಗಾಗಿ 11 ಪಂದ್ಯ ಗೆದ್ದೂ ದೊಡ್ಡ ಬೌಲ್‌ನ ಬಾಗಿಲು ಅವರಿಗೆ ಮುಚ್ಚಿತ್ತು.

ಒಂದು ನಿಯಮ ಬದಲಾದರೆ ಉತ್ತರವೇ ಬದಲು

ಅದೇ ವರ್ಷ ಇದೇ ಮೂರು ತಂಡಗಳು ಎಸ್ಇಸಿಯಲ್ಲಿ ಇದ್ದಿದ್ದರೆ? ಎಸ್ಇಸಿ ನಿಯಮ ಸ್ವಲ್ಪ ಬೇರೆ ಇತ್ತು. ಅಲ್ಲೂ ಕೊನೆಗೆ ಬಿಸಿಎಸ್ ಪಟ್ಟಿಯನ್ನೇ ನೋಡುತ್ತಿದ್ದರು. ಆದರೆ ಸಮನಾದ ತಂಡಗಳಲ್ಲಿ ಮೊದಲ ಎರಡರ ನಡುವೆ ಪಟ್ಟಿಯಲ್ಲಿ ಐದು ಅಥವಾ ಅದಕ್ಕಿಂತ ಕಡಿಮೆ ಸ್ಥಾನಗಳ ಅಂತರ ಇದ್ದರೆ, ಆ ಇಬ್ಬರು ಪರಸ್ಪರ ಆಡಿದಾಗ ಗೆದ್ದವರು ಯಾರು ಎಂದು ನೋಡುತ್ತಿದ್ದರು. ಓಕ್ಲಹೋಮ 2, ಟೆಕ್ಸಸ್ 3. ಹಾಗಾಗಿ ಟೆಕ್ಸಸ್ ಒಳಗೆ, ಓಕ್ಲಹೋಮ ಹೊರಗೆ!

ಆಟಗಾರರು ಅವರೇ, ಸ್ಕೋರ್ ಅದೇ, ಪಟ್ಟಿಯೂ ಅದೇ. ಕಾಗದದ ಮೇಲಿನ ಒಂದು ವಾಕ್ಯ ಬೇರೆಯಾದರೆ ಫಲಿತಾಂಶ ತಲೆಕೆಳಗು. ಈ ಪಾಠದ ತಿರುಳು ಇದೇ. ಟೈಬ್ರೇಕರ್ ಎಂಬುದು ಬರೀ ಲೆಕ್ಕವಲ್ಲ. "ನಮಗೆ ಯಾವುದು ಮುಖ್ಯ" ಎಂದು ಕಾನ್ಫರೆನ್ಸ್ ಮೊದಲೇ ಬರೆದಿಟ್ಟ ಹೇಳಿಕೆ ಅದು. ಪಟ್ಟಿಯಲ್ಲಿ ಮೇಲಿರುವವರನ್ನು ಕಳಿಸಿದರೆ ದೇಶದ ಫೈನಲ್‌ಗೆ ಹೋಗುವ ಸಾಧ್ಯತೆ ಹೆಚ್ಚು, ಇಡೀ ಕೂಟಕ್ಕೆ ದುಡ್ಡೂ ಹೆಸರೂ ಬರುತ್ತದೆ. ಎದುರುಬದುರು ಗೆದ್ದವರನ್ನು ಕಳಿಸಿದರೆ ಮೈದಾನದ ಮಾತಿಗೆ ಬೆಲೆ ಬರುತ್ತದೆ. ಎರಡಕ್ಕೂ ಅದರದರ ವಾದ ಇದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ನಮ್ಮ ಬೆಂಗಳೂರಿನ ಉದಾಹರಣೆ

ಇದಕ್ಕೆ ಎದುರಾದ ಚಿತ್ರ ನಮಗೆಲ್ಲ ಗೊತ್ತಿರುವುದೇ. 2024ರ ಮೇ 18, ಚಿನ್ನಸ್ವಾಮಿ ಸ್ಟೇಡಿಯಂ. ಆರ್‌ಸಿಬಿ ಮೊದಲು ಆಡಿ 218 ರನ್ ಹೊಡೆಯಿತು. ಚೆನ್ನೈ 219 ಹೊಡೆದು ಗೆಲ್ಲದಿದ್ದರೂ ಪರವಾಗಿಲ್ಲ, 201 ಮುಟ್ಟಿದರೆ ನೆಟ್ ರನ್ ರೇಟ್ ಲೆಕ್ಕದಲ್ಲಿ ಪ್ಲೇಆಫ್‌ಗೆ ಅವರೇ ಹೋಗುತ್ತಿದ್ದರು. ಕೊನೆಯ ಓವರ್‌ನಲ್ಲಿ ಬೌಲರ್‌ಗೂ ಗೊತ್ತು, ಬ್ಯಾಟ್ಸ್‌ಮನ್‌ಗೂ ಗೊತ್ತು, ಇಲ್ಲಿ ಸೋಫಾದ ತುದಿಯಲ್ಲಿ ಕೂತ ನಮಗೂ ಗೊತ್ತು. ಚೆನ್ನೈ 191ಕ್ಕೆ ನಿಂತಿತು. ಇಬ್ಬರಿಗೂ 14 ಪಾಯಿಂಟ್, ಆದರೆ ಮುಂದೆ ಹೋದದ್ದು ಆರ್‌ಸಿಬಿ.

ನೆಟ್ ರನ್ ರೇಟ್ ಪರಿಪೂರ್ಣ ಎಂದು ನಾನು ಹೇಳುವುದಿಲ್ಲ. ಮಳೆ ಬಂದ ದಿನ ಅದನ್ನು ಬೈಯದ ಕನ್ನಡಿಗನಿಲ್ಲ. ಆದರೆ ಅದರಲ್ಲಿ ಒಂದು ಗುಣ ಇದೆ: ಗುರಿ ಎಷ್ಟು ಎಂದು ಆಡುವವರಿಗೆ ಆಟದ ನಡುವೆಯೇ ಗೊತ್ತು, ಅದನ್ನು ಮುಟ್ಟುವುದು ಅವರ ಕೈಯಲ್ಲೇ ಇದೆ. 2008ರಲ್ಲಿ ಟೆಕ್ಸಸ್ ಹುಡುಗರಿಗೆ ಇನ್ನು ಎಷ್ಟು ಅಂಕ ಬೇಕು ಎಂದು ಯಾರೂ ಹೇಳುವ ಹಾಗಿರಲಿಲ್ಲ.

ಕೂಟಗಳು ಒಡೆದದ್ದು, ಕೂಡಿದ್ದು

ಇಷ್ಟೆಲ್ಲ ರಾಜಕೀಯಕ್ಕೆ ಬೇರು 1984ರಲ್ಲಿದೆ. ಅದುವರೆಗೆ ಯಾವ ಪಂದ್ಯ ಟಿವಿಯಲ್ಲಿ ಬರಬೇಕೆಂದು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆ ನಿರ್ಧರಿಸುತ್ತಿತ್ತು. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ 7-2 ಮತಗಳಿಂದ ಅವರ ಪರ ತೀರ್ಪು ಕೊಟ್ಟಿತು. ಟಿವಿ ಹಕ್ಕು ಮಾರುವ ಅಧಿಕಾರ ಕೈಗೆ ಬಂದ ಮೇಲೆ ದೊಡ್ಡ ಹೆಸರಿನ ತಂಡಗಳನ್ನು ಸೇರಿಸಿಕೊಂಡಷ್ಟೂ ಕಾನ್ಫರೆನ್ಸ್‌ಗೆ ಬೆಲೆ ಹೆಚ್ಚಾಯಿತು.

ಬಿಗ್ 12 ಹುಟ್ಟಿದ್ದೇ ಹಾಗೆ. ಬಿಗ್ ಎಯ್ಟ್‌ನ ಎಂಟು ತಂಡಗಳೂ ಸೌತ್‌ವೆಸ್ಟ್ ಕಾನ್ಫರೆನ್ಸ್‌ನ ನಾಲ್ಕು ಟೆಕ್ಸಸ್ ತಂಡಗಳೂ ಸೇರಿ 1996ರಲ್ಲಿ ಆಟ ಶುರುಮಾಡಿದವು. 2011ರಲ್ಲಿ ನೆಬ್ರಾಸ್ಕ, ಕೊಲರಾಡೊ ಬಿಟ್ಟುಹೋದವು. 2012ರಲ್ಲಿ ಟೆಕ್ಸಸ್ ಎ ಅಂಡ್ ಎಂ, ಮಿಸ್ಸೂರಿ ಎಸ್ಇಸಿಗೆ ಹೋದವು. 2024ರಲ್ಲಿ ಟೆಕ್ಸಸ್ ಮತ್ತು ಓಕ್ಲಹೋಮ ಎರಡೂ ಎಸ್ಇಸಿ ಸೇರಿದವು. 2008ರಲ್ಲಿ ಜಗಳವಾಡಿದ ಇಬ್ಬರು ಕೈಕೈ ಹಿಡಿದು ಬೇರೆ ಮನೆಗೆ ಹೋದ ಹಾಗಾಯಿತು, ಟೆಕ್ಸಸ್ ಟೆಕ್ ಮಾತ್ರ ಹಳೇ ಮನೆಯಲ್ಲೇ ಉಳಿಯಿತು.

ಅದೇ 2024ರಲ್ಲಿ ಯುಎಸ್‌ಸಿ, ಯುಸಿಎಲ್ಎ, ಆರೆಗಾನ್, ವಾಷಿಂಗ್ಟನ್ ತಂಡಗಳು ಬಿಗ್ ಟೆನ್‌ಗೆ ಹೋದವು. ಹೆಸರಿನಲ್ಲಿ ಹತ್ತು, ಮನೆಯಲ್ಲಿ ಹದಿನೆಂಟು! ಬೇ ಏರಿಯಾ ಕನ್ನಡಿಗರ ನೆರೆಯ ಕ್ಯಾಲ್ ಮತ್ತು ಸ್ಟ್ಯಾನ್‌ಫರ್ಡ್ ಈಗ ಎಸಿಸಿಯಲ್ಲಿವೆ. ಅದರ ಪೂರ್ತಿ ಹೆಸರು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್. ಪೆಸಿಫಿಕ್ ದಂಡೆಯ ಹುಡುಗರು ಅಟ್ಲಾಂಟಿಕ್ ದಂಡೆಯ ಲೀಗ್ ಆಡಲು ದೇಶದ ಆ ತುದಿಗೆ ಹಾರಿ ಹೋಗಿ, ಸೋಮವಾರ ಬೆಳಗ್ಗೆ ಕ್ಲಾಸಿಗೆ ಕೂರಬೇಕು. ಮಕ್ಕಳನ್ನು ಓದಿಸುವ ನಮಗೆ ಇದರ ಬೆಲೆ ಗೊತ್ತಾಗುತ್ತದೆ.

ಈಗ ಹೇಗಿದೆ?

ಬಿಸಿಎಸ್ 2013ರ ಸೀಸನ್‌ಗೆ ಮುಗಿಯಿತು. 2014ರಿಂದ ನಾಲ್ಕು ತಂಡಗಳ ಪ್ಲೇಆಫ್ ಬಂತು. ಕಂಪ್ಯೂಟರ್ ಅಂಕ ಹೋಗಿ ಆಯ್ಕೆ ಸಮಿತಿ ಬಂತು. 2023ರಲ್ಲಿ ಫ್ಲೋರಿಡಾ ಸ್ಟೇಟ್ ಆಡಿದ 13 ಪಂದ್ಯಗಳನ್ನೂ ಗೆದ್ದು ಎಸಿಸಿ ಚಾಂಪಿಯನ್ ಆಯಿತು. ಆದರೂ ಸಮಿತಿ ಅವರನ್ನು ಬಿಟ್ಟಿತು. ಅವರ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದ, ಇನ್ನು ತಂಡದ ಬಲ ಮೊದಲಿನಷ್ಟಿಲ್ಲ ಎಂಬ ವಾದ. ಒಂದು ಪಂದ್ಯ ಸೋತಿದ್ದ ಅಲಬಾಮ ಒಳಗೆ ಬಂತು. ಅಲಬಾಮಕ್ಕಿಂತ ಒಂದು ಸ್ಥಾನ ಮೇಲೆ, ಮೂರನೆಯದಾಗಿ ಬಂದದ್ದು ಯಾರು ಗೊತ್ತೇ? ಟೆಕ್ಸಸ್. ಸೆಪ್ಟೆಂಬರ್‌ನಲ್ಲಿ ಅಲಬಾಮದ ಊರಿಗೇ ಹೋಗಿ 34-24ರಲ್ಲಿ ಗೆದ್ದಿದ್ದರು. 2008ರಲ್ಲಿ ಕೆಲಸಕ್ಕೆ ಬಾರದ ಎದುರುಬದುರು ಗೆಲುವು 15 ವರ್ಷದ ಮೇಲೆ ಕೈಹಿಡಿಯಿತು.

2024ರಿಂದ ಪ್ಲೇಆಫ್ 12 ತಂಡಗಳದ್ದು. ದೊಡ್ಡ ಕಾನ್ಫರೆನ್ಸ್‌ಗಳು ಡಿವಿಷನ್‌ಗಳನ್ನು ಕಿತ್ತುಹಾಕಿವೆ. ಮೊದಲ ಎರಡು ಸ್ಥಾನದವರು ಫೈನಲ್‌ಗೆ. ಜಗಳ ತೀರಿತೇ? ಹೆಚ್ಚಾಯಿತು! ಕೂಟ ದೊಡ್ಡದಾದಷ್ಟೂ ಒಬ್ಬರಿಗೊಬ್ಬರು ಆಡುವುದು ಕಡಿಮೆ. 2024ರಲ್ಲಿ ಬಿಗ್ 12ರಲ್ಲಿ ಅರಿಝೋನ ಸ್ಟೇಟ್, ಅಯೋವ ಸ್ಟೇಟ್, ಬಿವೈಯು, ಕೊಲರಾಡೊ ನಾಲ್ಕೂ 7 ಗೆಲುವು 2 ಸೋಲಿನಲ್ಲಿ ನಿಂತವು. ನಾಲ್ವರಲ್ಲಿ ಎಲ್ಲರೂ ಎಲ್ಲರ ಜೊತೆ ಆಡಿರಲಿಲ್ಲ. ಟೈಬ್ರೇಕರ್ ಹಿಡಿದು ಅರಿಝೋನ ಸ್ಟೇಟ್, ಅಯೋವ ಸ್ಟೇಟ್ ಫೈನಲ್‌ಗೆ ಹೋದವು.

2025ರ ಎಸಿಸಿ ಕಥೆ ಇನ್ನೂ ಸ್ವಾರಸ್ಯ. ಎರಡನೇ ಸ್ಥಾನಕ್ಕೆ ಐದು ತಂಡಗಳು ಸಮ. ತಮ್ಮ ಕಾನ್ಫರೆನ್ಸ್ ಎದುರಾಳಿಗಳು ಎಷ್ಟು ಗೆದ್ದಿದ್ದಾರೆ ಎಂಬ ಲೆಕ್ಕದಲ್ಲಿ ಡ್ಯೂಕ್ ಫೈನಲ್‌ಗೆ ಹೋಯಿತು. ಒಟ್ಟು 7 ಗೆಲುವು, 5 ಸೋಲಿನ ತಂಡ! ಅದು ವರ್ಜೀನಿಯಾವನ್ನು 27-20ರಲ್ಲಿ ಸೋಲಿಸಿ ಚಾಂಪಿಯನ್ ಕೂಡ ಆಯಿತು. ಆದರೆ ಪ್ಲೇಆಫ್‌ನಲ್ಲಿ ಜಾಗ ಸಿಗಲಿಲ್ಲ. ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮಾತ್ರ ಖಾತ್ರಿ ಜಾಗ, ಪಟ್ಟಿಯಲ್ಲಿ ಮೇಲಿದ್ದ ಚಿಕ್ಕ ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳು ಡ್ಯೂಕ್‌ಗಿಂತ ಮುಂದೆ ಹೋದವು. ಟೈಬ್ರೇಕರ್‌ನಲ್ಲಿ ಹೊರಬಿದ್ದ ಮಯಾಮಿ ಮಾತ್ರ ಸಮಿತಿಯ ಆಯ್ಕೆಯಲ್ಲಿ ಒಳಗೆ ಬಂತು. ಅದೂ ನೋಟರ್ ಡೇಮ್ ತಂಡವನ್ನು ಹಿಂದಿಕ್ಕಿ. ಇಬ್ಬರದ್ದೂ 10 ಗೆಲುವು 2 ಸೋಲು, ಆದರೆ ಆಗಸ್ಟ್ 31ರಂದು ಮಯಾಮಿ 27-24ರಲ್ಲಿ ಗೆದ್ದಿತ್ತು. ತನ್ನ ಕಾನ್ಫರೆನ್ಸ್ ಫೈನಲ್ ಆಡಲಾಗದ ಆ ತಂಡ 2026ರ ಜನವರಿಯಲ್ಲಿ ದೇಶದ ಫೈನಲ್ ಆಡಿತು.

ಮನೆಪಾಠ

ಮುಂದಿನ ನವೆಂಬರ್‌ನಲ್ಲಿ ಮಕ್ಕಳ ಜೊತೆ ಕೂತು ಹೀಗೆ ಮಾಡಿ ನೋಡಿ.

ಮೊದಲು, ಒಟ್ಟು ಗೆಲುವು ಬಿಟ್ಟು ಕಾನ್ಫರೆನ್ಸ್ ಒಳಗಿನ ಗೆಲುವು ಸೋಲುಗಳನ್ನು ಮಾತ್ರ ಒಂದು ಕಾಗದದಲ್ಲಿ ಬರೆಯಿರಿ. ಫೈನಲ್‌ಗೆ ದಾರಿ ಅದೇ.

ಎರಡನೆಯದು, ಸಮನಾದವರು ಇಬ್ಬರೋ ಮೂವರೋ ನೋಡಿ. ಇಬ್ಬರಾದರೆ, ಮತ್ತು ಅವರು ಪರಸ್ಪರ ಆಡಿದ್ದರೆ, ಸಾಮಾನ್ಯವಾಗಿ ಎದುರುಬದುರು ಗೆದ್ದವರು ಮುಂದೆ. ಮೂವರಾದರೆ ಬಾಣಗಳನ್ನು ಹಾಕಿ ಚಿತ್ರ ಬರೆಯಿರಿ. ಬಾಣಗಳು ಸುತ್ತು ಹಾಕಿದರೆ ಮುಂದಿನ ಮೆಟ್ಟಿಲಿಗೆ ಹೋಗಬೇಕು.

ಮೂರನೆಯದು, ಆ ಕಾನ್ಫರೆನ್ಸ್ ನಿಯಮವನ್ನು ಓದಿ, ಪ್ರತಿ ಮೆಟ್ಟಿಲಿನಲ್ಲೂ ಒಂದು ಪ್ರಶ್ನೆ ಕೇಳಿ: ಇದನ್ನು ನಿರ್ಧರಿಸುವವರು ಮೈದಾನದಲ್ಲಿ ಇದ್ದಾರೆಯೇ, ಹೊರಗಿದ್ದಾರೆಯೇ? ಮಗ ಅಥವಾ ಮಗಳು "ಇದು ಅನ್ಯಾಯ" ಎಂದರೆ, "ಹಾಗಾದ್ರೆ ನೀನೇ ಒಂದು ನಿಯಮ ಬರಿ" ಎಂದು ಪೆನ್ನು ಕೊಡಿ. ಆಮೇಲೆ ಆ ನಿಯಮವನ್ನು ಅವರಿಗಾಗದ ತಂಡಕ್ಕೆ ಅನುಕೂಲವಾಗುವ ಕಡೆಯೂ ಹಾಕಿ ನೋಡಿ. ಆಗಲೂ ಒಪ್ಪಿದರೆ ಅದು ಒಳ್ಳೆಯ ನಿಯಮ.

ನಮ್ಮ ಕನ್ನಡ ಕೂಟಗಳಿಗೂ ಈ ಮಾತು ಹೊಂದುತ್ತದೆ. ಅಂತ್ಯಾಕ್ಷರಿಯಲ್ಲೋ ರಂಗೋಲಿ ಸ್ಪರ್ಧೆಯಲ್ಲೋ ಅಂಕ ಸಮನಾದ ಮೇಲೆ "ಈಗೇನು ಮಾಡೋಣ?" ಎಂದು ಯೋಚಿಸಲು ಕೂತರೆ ಎಂಥ ತೀರ್ಪು ಕೊಟ್ಟರೂ ಅನುಮಾನ ಉಳಿಯುತ್ತದೆ. ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿಲ್ಲದಾಗ, ಆಟ ಶುರುವಾಗುವ ಮೊದಲೇ, ಎರಡು ಸಾಲು ಬರೆದಿಟ್ಟರೆ ಸೋತವರೂ ಊಟಕ್ಕೆ ನಿಂತು ಹೋಗುತ್ತಾರೆ.

ನಿಮ್ಮ ಊರಿನ ತಂಡದ ಕಥೆ, ನಿಮ್ಮ ಮಕ್ಕಳು ಬರೆದ ನಿಯಮ ಏನಾದರೂ ಇದ್ದರೆ ನಮಗೆ ಬರೆದು ಕಳಿಸಿ. ಚೆನ್ನಾಗಿದ್ದದ್ದನ್ನು ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.